‘ಗೆಲ್ಲುವ ಅಭ್ಯರ್ಥಿ’ ಎಂದರೆ ಯಾರು? 1964ರ ಅಮೆರಿಕದ ಅಂಕಿಗಳಿಂದ ಒಂದು ಪಾಠ

ಸಂಖ್ಯಾಶಾಸ್ತ್ರದ ಘಟಕಕ್ಕೆ ದತ್ತಾಂಶ ಬೇಕೆಂದರೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕ್ರಿಕೆಟ್ ರನ್ನುಗಳಿಗೋ ಮಳೆಯ ಪ್ರಮಾಣಕ್ಕೋ ಹೋಗುತ್ತೇವೆ. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಅಂಕಿಗಳು ಅದಕ್ಕಿಂತ ಹೆಚ್ಚು ದುಡಿಯುತ್ತವೆ ಎಂಬುದು ನನ್ನ ಅಭಿಪ್ರಾಯ.

ವಿಧಾನವನ್ನು ಮೊದಲೇ ಹೇಳಿಬಿಡಬೇಕು. ಇಲ್ಲವಾದರೆ ಮಕ್ಕಳು ಅದನ್ನು ನಮ್ಮ ರಾಷ್ಟ್ರಪತಿ ಚುನಾವಣೆಯೊಂದಿಗೆ ಬೆರೆಸುತ್ತಾರೆ. ಅಲ್ಲಿ ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಲೆಕ್ಟರ್‌ಗಳಿದ್ದಾರೆ. ಒಟ್ಟು 538, ಗೆಲ್ಲಲು 270. ಬಹುತೇಕ ರಾಜ್ಯಗಳಲ್ಲಿ ಒಂದೇ ಮತದಿಂದ ಮುಂದಿದ್ದರೂ ಅಲ್ಲಿನ ಅಷ್ಟೂ ಎಲೆಕ್ಟರ್‌ಗಳು ಸಿಗುತ್ತಾರೆ. ಆದ್ದರಿಂದ ಯಾವ ಪ್ರದೇಶ ಯಾವ ಪಕ್ಷದ ಕಡೆಗಿದೆ ಎಂಬುದು ಬಹಳ ಮುಖ್ಯ.

1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್ 486 ಎಲೆಕ್ಟರ್‌ಗಳನ್ನು ಗೆದ್ದರು. ರಿಪಬ್ಲಿಕನ್ ಪಕ್ಷದ ಬ್ಯಾರಿ ಗೋಲ್ಡ್‌ವಾಟರ್ ಗೆದ್ದದ್ದು 52. ಅಷ್ಟನ್ನೇ ನೋಡಿದರೆ ಗೋಲ್ಡ್‌ವಾಟರ್ ಗೆಲ್ಲಲಾಗದ ಅಭ್ಯರ್ಥಿ. ಆದರೆ ಆ 52 ಎಲ್ಲಿಂದ ಬಂತು? ಅವರ ತವರಾದ ಅರಿಜೋನಾ, ಜೊತೆಗೆ ದಕ್ಷಿಣದ ಐದು ರಾಜ್ಯಗಳು. ಜಾರ್ಜಿಯಾ ಅದುವರೆಗೆ ಒಮ್ಮೆಯೂ ರಿಪಬ್ಲಿಕನ್ನರನ್ನು ಗೆಲ್ಲಿಸಿರಲಿಲ್ಲ. ಮಿಸಿಸಿಪ್ಪಿ 1872ರ ನಂತರ ಗೆಲ್ಲಿಸಿರಲಿಲ್ಲ. ಅದೇ ವರ್ಷ ಉತ್ತರದ ವರ್ಮಾಂಟ್ ಮೊದಲ ಬಾರಿಗೆ ಡೆಮಾಕ್ರಟಿಕ್ ಪಕ್ಷಕ್ಕೆ ಒಲಿಯಿತು. ಹೀಗೆ ಮತದಾರರ ದೊಡ್ಡ ಗುಂಪುಗಳು ಪಕ್ಷ ಬದಲಿಸಿ, ಬಹುಕಾಲ ಅಲ್ಲೇ ನಿಲ್ಲುವುದನ್ನು ಪಕ್ಷಗಳ ಮರುಹೊಂದಾಣಿಕೆ ಎನ್ನುತ್ತಾರೆ. ಕಾರಣ ಗುಟ್ಟಲ್ಲ: ಕಪ್ಪು ಜನರ ವಿರುದ್ಧದ ತಾರತಮ್ಯವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಗೆ ಜಾನ್ಸನ್ ಆ ಜುಲೈನಲ್ಲಿ ಸಹಿ ಹಾಕಿದ್ದರು, ಗೋಲ್ಡ್‌ವಾಟರ್ ಸೆನೆಟ್‌ನಲ್ಲಿ ಅದರ ವಿರುದ್ಧ ಮತ ಹಾಕಿದ್ದರು.

ಮಿಸಿಸಿಪ್ಪಿಯಲ್ಲಿ ಗೋಲ್ಡ್‌ವಾಟರ್‌ಗೆ ಬಂದದ್ದು ಸುಮಾರು ಶೇ. 87 ಮತ. ಇಲ್ಲಿ ಪಾಠವನ್ನು ನಿಲ್ಲಿಸಿ ‘ಯಾವುದರ ಶೇಕಡಾ?’ ಎಂದು ಕೇಳಬೇಕು. ಆ ರಾಜ್ಯದಲ್ಲಿ ಮತ ಹಾಕುವ ವಯಸ್ಸಿನ ಕಪ್ಪು ನಾಗರಿಕರಲ್ಲಿ ಆಗ ಶೇ. 7ರಷ್ಟು ಜನರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಸಾಕ್ಷರತಾ ಪರೀಕ್ಷೆ, ತೆರಿಗೆ, ಬೆದರಿಕೆಗಳಿಂದ ಅವರನ್ನು ಹೊರಗಿಟ್ಟಿದ್ದರು. ಅಂಶ ಸರಿಯಾಗಿದೆ, ಭಾಗಾಕಾರವೂ ಸರಿಯಾಗಿದೆ. ಛೇದದಲ್ಲಿ ಜನರೇ ಇಲ್ಲ. 1965ರ ಮತದಾನ ಹಕ್ಕುಗಳ ಕಾಯ್ದೆ ಬಂದ ಮೇಲೆ, ಎರಡೇ ವರ್ಷಗಳಲ್ಲಿ ಆ ಪ್ರಮಾಣ ಶೇ. 60ರ ಸಮೀಪಕ್ಕೆ ಏರಿತು. ಘಟಕದಲ್ಲಿ ಒಂದೇ ಅವಧಿ ಸಿಕ್ಕರೂ ನಾನು ಅದನ್ನು ಈ ಪ್ರಶ್ನೆಗೇ ಕೊಡುತ್ತೇನೆ.

ಇನ್ನು ‘ಗೆಲ್ಲುವ ಸಾಮರ್ಥ್ಯ’. ಅದು ಅಭ್ಯರ್ಥಿಯೊಳಗೇ ಇರುವ ಗುಣ ಎಂಬಂತೆ ನಾವು ಮಾತಾಡುತ್ತೇವೆ. ವಿಜ್ಞಾನದ ವಿದ್ಯಾರ್ಥಿಗೆ ಕರಗುವಿಕೆಯ ಹೋಲಿಕೆ ಹೆಚ್ಚು ಸರಿಯೆನಿಸುತ್ತದೆ. ಉಪ್ಪು ನೀರಿನಲ್ಲಿ ಕರಗುತ್ತದೆ, ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ, ನುಸಿಗುಳಿಗೆಯದು ತಿರುಗುಮುರುಗು. ‘ಉಪ್ಪು ಕರಗುತ್ತದೆಯೇ?’ ಎಂದಷ್ಟೇ ಕೇಳಿದರೆ ಪ್ರಶ್ನೆ ಅರ್ಧವಾಗಿ ಉಳಿಯುತ್ತದೆ. 1964ರಲ್ಲಿ ಗೋಲ್ಡ್‌ವಾಟರ್ ಪರ ಟಿವಿಯಲ್ಲಿ ಭಾಷಣ ಮಾಡಿದ ರೊನಾಲ್ಡ್ ರೇಗನ್, ಬಹುಮಟ್ಟಿಗೆ ಅದೇ ವಿಚಾರಗಳನ್ನಿಟ್ಟುಕೊಂಡು 1980ರಲ್ಲಿ 489 ಎಲೆಕ್ಟರ್‌ಗಳನ್ನು ಗೆದ್ದರು. ದ್ರಾವಕ ಬದಲಾಗಿತ್ತು.

ಆದರೆ ಇದು ನಿಯಂತ್ರಿತ ಪ್ರಯೋಗವಲ್ಲ. ಬೆಲೆಯೇರಿಕೆ, ಇರಾನಿನಲ್ಲಿದ್ದ ಒತ್ತೆಯಾಳುಗಳ ಬಿಕ್ಕಟ್ಟು ಎರಡೂ 1980ರಲ್ಲಿ ಕೆಲಸ ಮಾಡಿದ್ದವು. ಮರುಹೊಂದಾಣಿಕೆಯೂ ಸರಳರೇಖೆಯಲ್ಲಿ ಸಾಗಲಿಲ್ಲ: ಜಾರ್ಜಿಯಾದವರೇ ಆದ ಡೆಮಾಕ್ರಟಿಕ್ ಪಕ್ಷದ ಜಿಮ್ಮಿ ಕಾರ್ಟರ್ 1976ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ ಒಕ್ಕೂಟದಿಂದ ಸಿಡಿದಿದ್ದ ದಕ್ಷಿಣದ 11 ರಾಜ್ಯಗಳಲ್ಲಿ 10ನ್ನು ಮರಳಿ ಗೆದ್ದರು. ನಾಲ್ಕು ವರ್ಷಗಳ ನಂತರ ಅವರಿಗೆ ಅವುಗಳಲ್ಲಿ ಉಳಿದದ್ದು ಜಾರ್ಜಿಯಾ ಮಾತ್ರ. ನಕ್ಷೆಯಲ್ಲಿ ಬಣ್ಣ ತುಂಬಿಸುವ ಚಟುವಟಿಕೆಗೆ 1964, 1976, 1980ರ ಮೂರು ಖಾಲಿ ನಕ್ಷೆಗಳು ಸಾಕು. ಬಣ್ಣ ತುಂಬುವ ಮೊದಲು, ಮಿಸಿಸಿಪ್ಪಿಯ ಪಕ್ಕದಲ್ಲಿ ಆ 7 ಮತ್ತು 60ನ್ನು ಬರೆಸುವುದು ಒಳ್ಳೆಯದು.