ಕಲ್ಲಾದ ಸರ್ಪದ ಚರ್ಮವೇ? ಅಲ್ಲ, ಅದು 30 ಕೋಟಿ ವರ್ಷ ಹಳೆಯ ಮರದ ತೊಗಟೆ

ಕಪ್ಪಗಿನ ಒಂದು ಕಲ್ಲು. ಮೈತುಂಬ ವಜ್ರಾಕಾರದ ಹುರುಪೆಗಳು, ಅಚ್ಚು ಒತ್ತಿದ ಹಾಗೆ ಸಾಲು ಸಾಲಾಗಿ. ಜೊತೆಗೆ, ಗಣಿಯಲ್ಲಿ ದೈತ್ಯ ಸರ್ಪದ ಚರ್ಮ ಸಿಕ್ಕಿದೆ, ವಿಜ್ಞಾನಿಗಳೇ ಬೆರಗಾಗಿದ್ದಾರೆ, ಎಲ್ಲರಿಗೂ ಕಳಿಸಿ ಎಂಬ ಒಕ್ಕಣೆ. ಇಂಥ ಚಿತ್ರ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ಇಂಥ ಎಷ್ಟೋ ಚಿತ್ರಗಳಲ್ಲಿ ಕಲ್ಲು ಅಸಲಿಯೇ ಆಗಿರುತ್ತದೆ. ಸುಳ್ಳಿರುವುದು ಒಕ್ಕಣೆಯಲ್ಲಿ. ಅದು ಲೆಪಿಡೋಡೆಂಡ್ರಾನ್ ಎಂಬ ಮರದ ತೊಗಟೆ ಕಲ್ಲಿನಲ್ಲಿ ಬಿಟ್ಟುಹೋದ ಅಚ್ಚು. ಗ್ರೀಕ್ ಮೂಲದ ಈ ಹೆಸರಿನ ಅರ್ಥವೇ 'ಹುರುಪೆ ಮರ'. ಹಾವೆಂದು ನಂಬುವುದೂ ಹೊಸತೇನಲ್ಲ. 19ನೇ ಶತಮಾನದ ಜಾತ್ರೆಗಳಲ್ಲೇ ಇಂಥ ಕಲ್ಲುಗಳನ್ನು ದೈತ್ಯ ಹಾವು, ಹಲ್ಲಿಗಳೆಂದು ಪ್ರದರ್ಶನಕ್ಕೆ ಇಡುತ್ತಿದ್ದರು. ಆಗ ಜಾತ್ರೆ, ಈಗ ವಾಟ್ಸ್‌ಆ್ಯಪ್.

ಈ ಮರ ಬೆಳೆದದ್ದು ಕಾರ್ಬಾನಿಫೆರಸ್ ಯುಗದಲ್ಲಿ, ಅಂದರೆ ಸುಮಾರು 35.9 ಕೋಟಿಯಿಂದ 29.9 ಕೋಟಿ ವರ್ಷಗಳ ಹಿಂದೆ. ಇಂಗ್ಲೆಂಡಿನ ಕಲ್ಲಿದ್ದಲಿನ ಪದರಗಳನ್ನು ನೋಡಿ ವಿಲಿಯಂ ಕಾನಿಬೇರ್ ಮತ್ತು ವಿಲಿಯಂ ಫಿಲಿಪ್ಸ್ 1822ರಲ್ಲಿ ಕೊಟ್ಟ ಹೆಸರು ಅದು. ಇವತ್ತಿನ ಯುರೋಪ್, ಉತ್ತರ ಅಮೆರಿಕದ ಹಲವು ಭಾಗಗಳು ಆಗ ಸಮಭಾಜಕ ವೃತ್ತದ ಆಸುಪಾಸಿನಲ್ಲಿದ್ದವು. ಬಿಸಿ, ಮಳೆ, ಮೈಲಿಗಟ್ಟಲೆ ಕೆಸರು. ಆ ಕೆಸರಿನಲ್ಲಿ 30 ಮೀಟರಿಗೂ ಎತ್ತರ ಬೆಳೆಯುತ್ತಿದ್ದ ಈ ಮರಗಳಿಗೆ ಹೂವೂ ಇಲ್ಲ, ಬೀಜವೂ ಇಲ್ಲ. ಜರಿಗಿಡಗಳ ಹಾಗೆ ಬೀಜಕಣಗಳಿಂದಲೇ ಸಂತಾನ. ಇವುಗಳ ದೂರದ ನೆಂಟರು ಇಂದಿಗೂ ಉಳಿದಿದ್ದಾರೆ, ಆದರೆ ಗೇಣುದ್ದದ ಗಿಡಗಳಾಗಿ. 'ಸಂಜೀವಿನಿ' ಎಂದು ಮಾರುವ, ನೀರಿಗೆ ಹಾಕಿದರೆ ಮುದುಡು ಬಿಟ್ಟು ಅರಳುವ ಒಣಗಿಡವಿದೆಯಲ್ಲ, ಆ ಸೆಲಾಜಿನೆಲ್ಲಾ ಕೂಡ ಇದೇ ವಂಶದ್ದು. (ಅದರ ಬಗ್ಗೆ ಬರುವ ಫಾರ್ವರ್ಡ್‌ಗಳದ್ದೇ ಬೇರೊಂದು ಕಥೆ.)

ಹಾಗಾದರೆ ಹುರುಪೆ ಎಲ್ಲಿಂದ ಬಂತು? ಹಿತ್ತಿಲಿನ ಪಪ್ಪಾಯಿ ಮರವನ್ನೊಮ್ಮೆ ನೋಡಿ. ಎಲೆ ಉದುರಿದ ಜಾಗದಲ್ಲೆಲ್ಲ ಕಾಂಡದ ಮೇಲೆ ಒಂದೊಂದು ಗುರುತು ಉಳಿದಿರುತ್ತದೆ. ಇಲ್ಲೂ ಆದದ್ದು ಅದೇ. ಲೆಪಿಡೋಡೆಂಡ್ರಾನ್‌ನ ಎಲೆಗಳು ಹುಲ್ಲಿನ ಗರಿಯಂತೆ ಸಪೂರ, ಉದ್ದ. ಒಂದೊಂದು ಎಲೆಯೂ ವಜ್ರಾಕಾರದ ಒಂದು ಉಬ್ಬಿನ ಮೇಲೆ ಕೂತಿರುತ್ತಿತ್ತು. ಎಲೆ ಉದುರಿತು, ಉಬ್ಬು ಉಳಿಯಿತು. ಎಲೆಗಳು ಕಾಂಡದ ಸುತ್ತ ಸುರುಳಿಯಾಗಿ ಹತ್ತುತ್ತಿದ್ದುದರಿಂದ ಗುರುತುಗಳೂ ಓರೆ ಸಾಲುಗಳಲ್ಲಿ ಕಾಣುತ್ತವೆ. ಮರ ಉರುಳಿ ಕೆಸರಿನಲ್ಲಿ ಹೂತಾಗ ತೊಗಟೆಯ ಅಚ್ಚು ಕೆಸರಿಗೆ ಬಿತ್ತು, ಕೆಸರು ಕಾಲಾಂತರದಲ್ಲಿ ಕಲ್ಲಾಯಿತು.

ಮುಂದಿನ ಸಲ ಇಂಥ ಚಿತ್ರ ಬಂದರೆ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ. ಹಾವಿನ ಬೆನ್ನಿನ ಹುರುಪೆಗಳು ಹೆಂಚು ಹೊದಿಸಿದ ಹಾಗೆ ಸಾಮಾನ್ಯವಾಗಿ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಇರುತ್ತವೆ. ಈ ಕಲ್ಲಿನ ವಜ್ರಗಳು ಒಂದರ ಮೇಲೊಂದು ಹತ್ತುವುದಿಲ್ಲ, ಪಕ್ಕಪಕ್ಕದಲ್ಲಿ ಕೂತಿರುತ್ತವೆ. ಕಲ್ಲು ಸವೆಯದೆ ಚೆನ್ನಾಗಿ ಉಳಿದಿದ್ದರೆ ಪ್ರತಿ ವಜ್ರದೊಳಗೂ ಎಲೆ ಕಳಚಿದ ಚಿಕ್ಕ ಗಾಯ, ಅದರಲ್ಲಿ ಮೂರು ಚುಕ್ಕೆಗಳು ಕಾಣುತ್ತವೆ. ನಡುವಿನದು ಎಲೆಗೆ ನೀರು ಹೋಗುತ್ತಿದ್ದ ನಾಳದ ಗುರುತು, ಅಕ್ಕಪಕ್ಕದ ಎರಡು ಗಾಳಿಯಾಡುವ ಮೆದು ಅಂಗಾಂಶದವು. ಯಾವ ಹಾವಿನ ಹುರುಪೆಯಲ್ಲೂ ಇದಿರುವುದಿಲ್ಲ.

ತೊಗಟೆಯೊಂದನ್ನೇ ನೋಡಿ ಭೂವಿಜ್ಞಾನಿಗಳು ಮರವೆಂದು ತೀರ್ಮಾನಿಸಿದ್ದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಿಕ್ಟೋರಿಯಾ ಪಾರ್ಕಿನಲ್ಲಿ 1887ರಲ್ಲಿ ಹಳೆಯ ಕಲ್ಲುಕ್ವಾರಿಯೊಂದರಲ್ಲಿ ಕೆಲಸ ನಡೆದಿದ್ದಾಗ ಇದೇ ಮರದ 11 ಬೊಡ್ಡೆಗಳು ಬೆಳೆದ ಜಾಗದಲ್ಲೇ, ಬೇರು ಚಾಚಿಕೊಂಡು ನಿಂತಿರುವುದು ಕಂಡಿತು. ಈಗ ಅದರ ಮೇಲೊಂದು ಕಟ್ಟಡ ಕಟ್ಟಿ ಕಾಪಾಡಿದ್ದಾರೆ. ಬೇರು ಬಿಟ್ಟು ನಿಲ್ಲುವ ಹಾವು ಯಾವುದಿದೆ?

ಕೆನಡಾದ ನೋವಾ ಸ್ಕೋಶಿಯಾದಲ್ಲಿರುವ ಜಾಗಿನ್ಸ್ ಕಡಲಬಂಡೆಗಳ ಸಾಕ್ಷ್ಯ ಇನ್ನೂ ಸೊಗಸು. ಅಲ್ಲಿ ಇದರ ಸೋದರ ಮರವಾದ ಸಿಜಿಲೇರಿಯಾದ ಕಾಂಡಗಳು ಕಲ್ಲಿನ ಪದರಗಳ ನಡುವೆ ನೆಟ್ಟಗೆ ನಿಂತಿವೆ. ಟೊಳ್ಳಾದ ಆ ಬೊಡ್ಡೆಗಳೊಳಗೆ ಚಿಕ್ಕ ಪ್ರಾಣಿಗಳ ಎಲುಬುಗಳು ಸಿಕ್ಕಿವೆ. ಅವುಗಳಲ್ಲೊಂದು ಹೈಲೋನೋಮಸ್. ಸುಮಾರು 31 ಕೋಟಿ ವರ್ಷ ಹಿಂದಿನದು, ಸರೀಸೃಪಗಳ ಅತಿ ಹಳೆಯ ಅಸ್ಥಿಗಳಲ್ಲೊಂದು. ಅದರ ಉದ್ದ ಹೆಚ್ಚುಕಡಿಮೆ ಒಂದು ಗೇಣು, ನೋಡಲು ಹಲ್ಲಿಯಂತೆ. ಅಂದರೆ ಈ ಮರಗಳ ಕಾಲದಲ್ಲಿ ಸರೀಸೃಪಗಳ ಕುಲ ಇನ್ನೂ ಅಂಬೆಗಾಲಿಡುತ್ತಿತ್ತು. ಹಾವುಗಳ ಈವರೆಗಿನ ಅತಿ ಹಳೆಯ ಪಳೆಯುಳಿಕೆಗಳು ಸುಮಾರು 16.7 ಕೋಟಿ ವರ್ಷದವು. ಈ ಕಾಡುಗಳು ಹೂತು ಹದಿನಾಲ್ಕು ಕೋಟಿ ವರ್ಷ ಕಳೆದ ಮೇಲಿನ ಮಾತು ಅದು.

ಆ ಕಾಡಿನಲ್ಲಿ ದೈತ್ಯರು ಇರಲಿಲ್ಲವೆಂದಲ್ಲ. ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್ ಕರಾವಳಿಯಲ್ಲಿ 2018ರಲ್ಲಿ ಬಂಡೆಯೊಂದು ಬಿದ್ದು ಸೀಳಿದಾಗ ಆರ್ತ್ರೋಪ್ಲೂರಾ ಎಂಬ ಜೀವಿಯ ತುಂಡು ಸಿಕ್ಕಿತು. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ಸಹಸ್ರಪದಿಯ ಬಂಧು ಅದು. ಉದ್ದ ಮಾತ್ರ ಅಂದಾಜು 2.6 ಮೀಟರ್, ತೂಕ 50 ಕಿಲೋ! ನಮ್ಮನ್ನು ಕೇಳಿದರೆ ಫಾರ್ವರ್ಡ್ ಮಾಡಬೇಕಾದದ್ದು ಇದನ್ನು.

ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಗುಜರಾತಿನ ಕಛ್‌ನ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ನಿಜಕ್ಕೂ ದೈತ್ಯ ಹಾವೊಂದರ ಪಳೆಯುಳಿಕೆ ಸಿಕ್ಕಿದೆ. ಐಐಟಿ ರೂರ್ಕಿಯ ಸಂಶೋಧಕರು 2024ರಲ್ಲಿ ಅದಕ್ಕೆ ವಾಸುಕಿ ಇಂಡಿಕಸ್ ಎಂದು ಹೆಸರಿಟ್ಟರು. ಉದ್ದ 11ರಿಂದ 15 ಮೀಟರ್ ಇದ್ದಿರಬಹುದೆಂದು ಅಂದಾಜು. ಆದರೆ ಸಿಕ್ಕಿದ್ದು ಬೆನ್ನೆಲುಬಿನ 27 ಮಣಿಗಳು, ಚರ್ಮವಲ್ಲ. ಅದರ ವಯಸ್ಸು ಸುಮಾರು 4.7 ಕೋಟಿ ವರ್ಷ. ವಾಸುಕಿಯ ಸುದ್ದಿಗೆ ಲೆಪಿಡೋಡೆಂಡ್ರಾನ್ ಚಿತ್ರ ಅಂಟಿಸಿದರೆ ನಂಬಿಕೆ ಹುಟ್ಟುವ ಹಾಗೆಯೇ ಕಾಣುತ್ತದೆ.

ಇಂಥ ಕಲ್ಲು ಝಾರಿಯಾದಲ್ಲಿ, ರಾಣಿಗಂಜ್‌ನಲ್ಲಿ ಸಿಕ್ಕಿತೆಂಬ ಮಾತಿದ್ದರೂ ಅನುಮಾನಿಸಿ. ಅಲ್ಲಿನ ಕಲ್ಲಿದ್ದಲು ಕಾರ್ಬಾನಿಫೆರಸ್‌ನದಲ್ಲ, ಅದರ ನಂತರದ ಪರ್ಮಿಯನ್ ಯುಗದ್ದು. ಆ ಪದರಗಳಲ್ಲಿ ಹೆಚ್ಚಾಗಿ ಕಾಣುವುದು ಗ್ಲಾಸೊಪ್ಟೆರಿಸ್ ಎಂಬ, ನಾಲಿಗೆಯಾಕಾರದ ಎಲೆಯ ಮರ. ಅದಕ್ಕೂ ಮುಂಚೆ ನಮ್ಮ ನೆಲ ದಕ್ಷಿಣ ಧ್ರುವದತ್ತ ಇದ್ದು ಹಿಮ ಹೊದ್ದಿತ್ತು. ಹಿಮನದಿ ಹೊತ್ತು ತಂದ ಗುಂಡುಕಲ್ಲುಗಳನ್ನು ಒಡಿಶಾದ ತಾಲ್ಚೇರ್‌ನಲ್ಲಿ 1856ರಷ್ಟು ಹಿಂದೆಯೇ ಗುರುತಿಸಿದ್ದರು. ಇನ್ನು ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದಾಗ ಭೂಮಿಯ ಮೇಲೆ ಮರವೂ ಇರಲಿಲ್ಲ, ಹಾವೂ ಇರಲಿಲ್ಲ.

ಹಾಗಾಗಿ ನಮ್ಮೂರಿನ ಹೊಲದಲ್ಲಿ ಸಿಕ್ಕಿದ ನಾಗನ ಚರ್ಮವೆಂದು ಯಾರಾದರೂ ಇಂಥ ಕಲ್ಲನ್ನು ಮಾರಲು ಬಂದರೆ ದುಡ್ಡು ಕೊಡುವ ಮೊದಲು ಒಂದು ನಾಣ್ಯವನ್ನು ಪಕ್ಕದಲ್ಲಿಟ್ಟು ಫೋಟೊ ತೆಗೆದು, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗದವರಿಗೆ ತೋರಿಸಿ. ತೊಗಟೆಯೋ ಅಲ್ಲವೋ ಎಂದು ಹೇಳಲು ಅವರಿಗೆ ಹೆಚ್ಚು ಹೊತ್ತು ಬೇಕಾಗದು.