ಬಚ್ಚಲಿನ ಕಲ್ಲುಗಳು

ಸುಲ್ತಾನ್ ಬಜಾರಿನ ಬಳಿಯ ನಮ್ಮ ಹಳೆಯ ಮನೆಯನ್ನು ಈಚೆಗೆ ದುರಸ್ತಿ ಮಾಡಿಸುವ ಪ್ರಸಂಗ ಒದಗಿತು. ಮೊದಲು ಕೆಡವಬೇಕಾಗಿದ್ದುದು ಬಚ್ಚಲುಮನೆಯನ್ನು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮ ಹುಡುಗರು ಮುಂಜಾನೆ 4 ಗಂಟೆಗೆದ್ದು, ಹಂಡೆಯ ನೀರು ತೋಡಿಕೊಂಡು ಸರದಿಯಂತೆ ಮೀಯುತ್ತಿದ್ದುದು ಅಲ್ಲಿಯೇ.

ಸುತ್ತಿಗೆ ಬಿದ್ದೊಡನೆ ನೆಲದ ಎರಡು ಕಲ್ಲುಗಳು ಒಡೆದುವು. ಅವು ಶಹಾಬಾದಿನ ಕಲ್ಲುಗಳು. ಕಲಬುರಗಿ ಜಿಲ್ಲೆಯ ಶಹಾಬಾದು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಹೈದರಾಬಾದಿಗೇ ಸೇರಿದ್ದಿತು. ಅದರ ನೆರೆಯ ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿಯಾದುದು 1874ರಲ್ಲಿ. ಈ ಕಲ್ಲೂ ನಮ್ಮಂತೆಯೇ ಕನ್ನಡ ನಾಡಿನಿಂದ ಇಲ್ಲಿಗೆ ಬಂದುದು.

ಕೂಡಲೇ ಕೆಲಸ ನಿಲ್ಲಿಸಿದೆವು. ಹಳೆಯ ನೆಲಕ್ಕೆ ಹಾಕಿದ್ದುದು ಸುಣ್ಣದ ಗಾರೆ. ಅದು ಸಿಮೆಂಟಿನಷ್ಟು ಬಿಗಿಯಾಗಿ ಕಚ್ಚಿಕೊಳ್ಳುವುದಿಲ್ಲ. ಸಂದಿನ ಗಾರೆಯನ್ನು ಉಳಿಯಿಂದ ಕೆರೆದು, ಹಾರೆಯಿಂದ ಮೆಲ್ಲನೆ ಮೀಟಿದರೆ ಕಲ್ಲು ಇಡಿಯಾಗಿ ಏಳುತ್ತದೆ. ಹೀಗೆ 22 ಕಲ್ಲುಗಳನ್ನು ಉಳಿಸಿಕೊಂಡೆವು. ಇದು ಸುಣ್ಣದ ಜಾತಿಯ ಕಲ್ಲಾದುದರಿಂದ ಕಲೆ ತೆಗೆಯಲು ಆಸಿಡ್ ಸುರಿಯಬಾರದು. ಅದು ಕಲ್ಲನ್ನೇ ತಿನ್ನುತ್ತದೆ.

ಗೋಡೆಗಳ ಮೇಲೆ ಮಾತ್ರ ನಮಗೆ ಮೋಹವಿರಲಿಲ್ಲ. ಅವುಗಳಲ್ಲಿ ಒಂದು ಕಿಟಕಿಯೂ ಇರಲಿಲ್ಲ. ಒಲೆಯ ಹೊಗೆಗೆ ಹುಡುಗರು ಕೆಮ್ಮುತ್ತ ಕಣ್ಣುಜ್ಜಿಕೊಳ್ಳುತ್ತಿದ್ದುದನ್ನು ಕಂಡೂ, ಖರ್ಚಿಗಂಜಿ ಅಂದು ನಾವು ಸುಮ್ಮನಿದ್ದೆವು. ಆ ಹುಡುಗರಲ್ಲಿ ಕೆಲವರು ಇಂದು ಈ ಪತ್ರಿಕೆಯ ಓದುಗರಾಗಿರಬಹುದು; ಅವರಲ್ಲಿ ನಾವು ಕ್ಷಮೆ ಬೇಡುತ್ತೇವೆ.

ಹೊಸ ಬಚ್ಚಲಿಗೆ ಎರಡು ಕಿಟಕಿಗಳನ್ನಿರಿಸಿದ್ದೇವೆ. ನೆಲಕ್ಕೆ ಹಳೆಯ ಕಲ್ಲುಗಳನ್ನೇ ಹಾಸಿದ್ದೇವೆ.