ಒಂದೇ ಫ್ರೇಮು, ಎರಡು ಸಾಕ್ಷಿ

ಆದೋನಿಯ ಹತ್ತಿ ರೈತರಿಗೆ ಕಾಟಾದ ತಕರಾರು ಹೊಸದಲ್ಲ. ಊರಲ್ಲಿ ತೂಗಿದ್ದಕ್ಕೂ ಪೇಟೆಯಲ್ಲಿ ತೂಗಿದ್ದಕ್ಕೂ ತಾಳೆಯಾಗದಿದ್ದರೆ ಮಾಲು ಎಲ್ಲಿ ಸೋರಿತೆಂದು ಹುಡುಕಲೇಬೇಕು. ಇಂಟರ್‌ನೆಟ್ಟಿನಲ್ಲೂ ಹಾಗೆ ಎರಡು ಕಡೆ ತೂಗಿ ನೋಡುವವರಿದ್ದಾರೆ.

2017ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ ಆಂಧ್ರದ ಫೈಬರ್‌ನೆಟ್ ಯೋಜನೆ ತಿಂಗಳಿಗೆ 149 ರೂಪಾಯಿಗೆ ಟಿವಿ, ಫೋನು, ಇಂಟರ್‌ನೆಟ್ಟು ಕೊಡುವ ಮಾತಾಡಿತು. ಫೈಬರ್ ಸಾಗಿದ್ದು ಕರೆಂಟ್ ಕಂಬಗಳ ಮೇಲೆ, ಮನೆಗೆ ಮುಟ್ಟಿಸುವ ಕೆಲಸ ಕೇಬಲ್ ಟಿವಿಯವರದು. ಆದೋನಿ, ಆಲೂರು, ಹೊಳಗುಂದದ ಕಡೆ ಬೈಗುಳ ಕನ್ನಡದಲ್ಲೂ ಬರುತ್ತದೆ, ತೆಲುಗಿನಲ್ಲೂ ಬರುತ್ತದೆ. ದೂರು ಮಾತ್ರ ಒಂದೇ: ‘ನೆಟ್ ಸ್ಲೋ’. ತಪ್ಪು ಮನೆಯ ವೈಫೈಯದೋ, ಕಂಬದ ಮೇಲಿನ ಲೈನಿನದೋ?

ಇಂಥದೇ ಪ್ರಶ್ನೆ 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎದ್ದಿತ್ತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದದ್ದು 400 ಗಜ. ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದ ಆ ದಾರಿ ಏಕಾಏಕಿ 40 ಬಿಟ್ಟಿಗೆ ಕುಸಿಯಿತು. ಅದರ ಬೆನ್ನು ಹತ್ತಿದ ವ್ಯಾನ್ ಜೇಕಬ್‌ಸನ್ ತಮ್ಮ ಸಹೋದ್ಯೋಗಿಗಳಾದ ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಜೊತೆಗೂಡಿ ಟಿಸಿಪಿಡಂಪ್ ಬರೆದರು. ಹಾದುಹೋಗುವ ಪ್ಯಾಕೆಟ್ಟುಗಳನ್ನು ಸಾಲುಸಾಲಾಗಿ ತೋರಿಸುವ ಪುಕ್ಕಟೆ ಸಾಧನ ಅದು. ಇದೇ ಕೆಲಸಕ್ಕೆ ಆಗ ಮಾರಾಟಕ್ಕಿದ್ದ ‘ಸ್ನಿಫರ್’ ಯಂತ್ರಗಳು ಸಾಮಾನ್ಯರ ಜೇಬಿಗೆ ಹತ್ತುವಂತಿರಲಿಲ್ಲ. ದುಬಾರಿಯ ಈ ಕಾಟದಿಂದಲೇ ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಪ್ಯಾಕೆಟ್ ತೋರಿಸುವ ‘ಈಥೀರಿಯಲ್’ ತಂತ್ರಾಂಶ ಹೊರತಂದರು. 2006ರಲ್ಲಿ ಅವರು ಕೆಲಸ ಬದಲಿಸಿದಾಗ ಟ್ರೇಡ್‌ಮಾರ್ಕ್ ಹಳೆಯ ಕಂಪನಿಯಲ್ಲೇ ಉಳಿಯಿತು. ತಂತ್ರಾಂಶ ‘ವೈರ್‌ಶಾರ್ಕ್’ ಆಯಿತು.

ವೈರ್‌ಶಾರ್ಕ್ ತೋರಿಸಿದ್ದೆಲ್ಲ ತಂತಿಯ ಮೇಲೆ ಹೋದದ್ದೇ ಎಂದು ಹೊಸಬರು ನಂಬಿಬಿಡುತ್ತಾರೆ. ತಂತಿಯ ಮೇಲೆ 1518 ಬೈಟ್ ಇರುವ ಫ್ರೇಮು ತೆರೆಯ ಮೇಲೆ ಸಾಮಾನ್ಯವಾಗಿ 1514. ಕೊನೆಯ ನಾಲ್ಕು ಬೈಟಿನ ತಪಾಸಣೆ ಸಂಖ್ಯೆಯನ್ನು ನೆಟ್‌ವರ್ಕ್ ಕಾರ್ಡು ತನ್ನಲ್ಲೇ ಮುಗಿಸಿರುತ್ತದೆ. ಕಳಿಸುವ ಕಂಪ್ಯೂಟರಿನಲ್ಲೇ ಹಿಡಿದರೆ ಒಳಗಿನ ಟಿಸಿಪಿಯ ‘ಚೆಕ್‌ಸಮ್ ತಪ್ಪು’ ಎಂದೂ ಕಾಣಬಹುದು. ಅದನ್ನು ತುಂಬುವುದು ಕಾರ್ಡಿನ ಕೆಲಸ, ವೈರ್‌ಶಾರ್ಕ್ ನೋಡಿದ್ದು ಅದಕ್ಕೂ ಮುಂಚಿನ ರೂಪವನ್ನು. ಇದನ್ನು ಕಂಡು ಗಾಬರಿಯಾಗಿ ಕಾರ್ಡನ್ನೇ ಬದಲಿಸಿದರೆ ದುಡ್ಡು ದಂಡ.

ಒಂದೇ ಕಡೆಯ ಸಾಕ್ಷಿ ಸಾಲದು, ಆದ್ದರಿಂದಲೇ ಎರಡು ಕಡೆ ಪ್ಯಾಕೆಟ್ ಹಿಡಿಯಬೇಕು: ಮನೆಯ ಲ್ಯಾಪ್‌ಟಾಪಿನಲ್ಲಿ ಒಂದು, ಕೇಬಲ್ ಆಪರೇಟರನ ಕಡೆ ಇನ್ನೊಂದು. ನಡುವೆ ರೂಟರ್ ಇರುವುದರಿಂದ ಮ್ಯಾಕ್ ವಿಳಾಸ ಬೇರೆಯಾಗುತ್ತದೆ, ಇನ್ನೆಷ್ಟು ರೂಟರ್ ದಾಟಬಹುದೆಂಬ ಎಣಿಕೆಯಾದ ಟಿಟಿಎಲ್ ಒಂದು ಇಳಿಯುತ್ತದೆ, ಮನೆಯ 192.168ರ ವಿಳಾಸವೂ ಬದಲಾಗುತ್ತದೆ. ಗಡಿಯಾರಗಳೂ ಒಂದಕ್ಕೊಂದು ಕೂಡುವುದಿಲ್ಲ. ಸಾಮಾನ್ಯವಾಗಿ ಹಾಗೇ ಉಳಿಯುವುದು ಟಿಸಿಪಿಯ ಅನುಕ್ರಮ ಸಂಖ್ಯೆ. ಅದನ್ನೇ ಹಿಡಿದು ಜೋಡಿಸಬೇಕು. ವಿಡಿಯೊದ ಒಂದು ತುಣುಕು ಆಪರೇಟರನ ಕಡತದಲ್ಲಿ ಇದ್ದು ಲ್ಯಾಪ್‌ಟಾಪಿನದರಲ್ಲಿ ಇಲ್ಲದಿದ್ದರೆ ಅದು ಕಳೆದದ್ದು ಆಪರೇಟರನಿಂದ ಈಚೆಗೆ. ಮೊದಲ ಸಲ ಆಪರೇಟರನಿಗೂ ಬಂದಿರದೆ, ಮತ್ತೆ ಕಳಿಸಿದ ಪ್ರತಿ ಮಾತ್ರ ಎರಡರಲ್ಲೂ ಇದ್ದರೆ ಕಂಬ ಹತ್ತುವ ಹುಡುಗನನ್ನು ಬೈದು ಪ್ರಯೋಜನವಿಲ್ಲ, ದೂರು ಮೇಲಕ್ಕೆ ಹೋಗಬೇಕು.